ಎದುರಾಡುವ ಕುರ್ಚಿ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಗಾದೆ ಕಟ್ಟಿದವರಿಗೆ ಹಲ್ಲು ಕಟ್ಟುವವರ ಪಾಡು ಗೊತ್ತಿರಲಿಕ್ಕಿಲ್ಲ. ನಮ್ಮ ಹಲ್ಲಕ್ಕನ ಕಪಾಟಿನ ತುಂಬ ಹಲ್ಲು. ಮನೆಗೆ ಹೋದರೆ ಮಾತಿಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಹಲ್ಲಕ್ಕ ಎನ್ನುವುದು ಅವಳು ದುಡಿಯುವ ಕೃತಕ ಹಲ್ಲಿನ ಲ್ಯಾಬಿನವರು ಇಟ್ಟ ಹೆಸರು. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಅಲ್ಲಿಗೆ ಕಳಿಸುತ್ತಿದ್ದರು. ಅಚ್ಚಿಗೆ ಪ್ಲಾಸ್ಟರ್ ಸುರಿದು, ಒಣಗಿದ ಮೇಲೆ ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಮೇಲಿನ ದವಡೆ ಕೆಳಗಿನದಕ್ಕೆ ಸರಿಯಾಗಿ ಕಚ್ಚುತ್ತದೋ ಇಲ್ಲವೋ ಎಂದು ಕೀಲಿನ ಚೌಕಟ್ಟಿನ ಮೇಲೆ ತೆರೆದು ಮುಚ್ಚಿ ನೋಡುವುದು ಅವಳ ಕೆಲಸ. ಕೂರುವುದು ಹಿಂದಿನ ಕೋಣೆಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಉಜ್ಜುವ ಮೋಟಾರಿನ ಗುಂಯ್ ಸದ್ದಿನ ಪಕ್ಕ. ಅವಳು ಮಾಡಿಕೊಟ್ಟ ಹಲ್ಲಿನಿಂದ ಊರಿನ ಎಷ್ಟೋ ಮುದುಕರು ನಗುತ್ತಿದ್ದರು, ಸೊಸೆಯಂದಿರನ್ನು ಬೈಯುತ್ತಿದ್ದರು. ಆ ಬಾಯಿಗಳಲ್ಲಿ ಒಂದನ್ನೂ ಅವಳು ಕಂಡವಳಲ್ಲ. ವೈದ್ಯರಿಂದ ಬರುತ್ತಿದ್ದ ಚೀಟಿಯಲ್ಲೂ "ಸ್ವಲ್ಪ ಉದ್ದವಾಯಿತು, ಉಜ್ಜಿ" ಎಂದಿರುತ್ತಿತ್ತೇ ಹೊರತು, ಹೇಗಿದ್ದೀಯಮ್ಮ ಎಂದು ಯಾರೂ ಬರೆಯುತ್ತಿರಲಿಲ್ಲ. ಬರೆಯುವುದಾದರೂ ಯಾಕೆ, ಹೇಳಿ.

ಅಮ್ಮ ಇರುವವರೆಗೆ ಹೀಗಿರಲಿಲ್ಲ. ಆ ಅಮ್ಮನೋ, ಅಬ್ಬಬ್ಬ, ಎಂಥ ಬಾಯಿ! ಮಗಳು ಹಗಲು ಎಂದರೆ ತಾನು ರಾತ್ರಿ ಎನ್ನುವ ಪೈಕಿ. "ಸೆಖೆ ಕಣಮ್ಮ" ಎಂದರೆ "ಎಲ್ಲಿ ಸೆಖೆ? ನಿಂಗೆ ಜ್ವರ ಬಂದಿರ್ಬೇಕು" ಎನ್ನುವಳು. ಕಿಟಕಿ ಮುಚ್ಚಿದರೆ "ನನ್ನನ್ನೇನು ಪೆಟ್ಟಿಗೇಲಿ ಇಡ್ತೀಯಾ?" ಎನ್ನುವಳು. ತಾಯಿ ಮಗಳು ಮದುವೆಯಾದ ಗಂಡಹೆಂಡಿರಿಗಿಂತ ಹೆಚ್ಚು ಕಚ್ಚಾಡುತ್ತ ಸುಖವಾಗಿದ್ದರು. ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಮಗಳು ಮಂಚದ ಪಕ್ಕ ಮಂಡಿಯೂರಿ ದೇವರಿಗೆ ಮೊರೆಯಿಟ್ಟಳು, ಕೈ ಮುಗಿದಳು, ಬೈದಳು, ಅತ್ತಳು. ದೇವರು ಪಿಟ್ಟೆನ್ನಲಿಲ್ಲ. ಅಮ್ಮ ಹೋದಳು. ಕರ್ಮಾಂತರ ಮುಗಿಸಿ ಅಣ್ಣ ಅತ್ತಿಗೆ ಅವರೂರಿನ ರೈಲು ಹತ್ತಿದರು. ಮಾತು ಬೆಳ್ಳಿ ಮೌನ ಬಂಗಾರ ಎಂದು ದೊಡ್ಡವರು ಹೇಳುತ್ತಾರಲ್ಲ, ಆ ಲೆಕ್ಕದಲ್ಲಿ ಹಲ್ಲಕ್ಕನ ಮನೆ ಅಂದಿನಿಂದ ಬಂಗಾರದ ಗಣಿ.

ದೇವರು ಯಾಕೆ ಸುಮ್ಮನಿದ್ದ ಎಂದು ಕೇಳಬೇಕಿತ್ತು. ಕೇಳಲು ಯಾರೂ ಇರಲಿಲ್ಲವಾಗಿ ಅವಳು ಅಂಚೆಯಲ್ಲಿ ಕೇಳಿದಳು. ದೈವಶಾಸ್ತ್ರದ ಪದವಿಗೆ ಅಂಚೆ ಶಿಕ್ಷಣದಲ್ಲಿ ಸೇರಿಕೊಂಡಳು. ಅದು ಮುಗಿದ ಮೇಲೆ ಸ್ನಾತಕೋತ್ತರ ಪದವಿ, ಅದೂ ಅಂಚೆಯಲ್ಲೇ. ಪವಿತ್ರ ಗ್ರಂಥದ ಮೂಲ ಭಾಷೆಯನ್ನು ನಿಘಂಟು ಇಟ್ಟುಕೊಂಡು ಒಬ್ಬಳೇ ಕಲಿತಳು. ಉತ್ತರಪತ್ರಿಕೆಗಳು ಮರಳಿ ಬರುವಾಗ ಮೂಲೆಯಲ್ಲಿ ಕೆಂಪು ಶಾಯಿಯ "ಚೆನ್ನಾಗಿದೆ" ಇರುತ್ತಿತ್ತು, ಅಷ್ಟೇ. ಯಾಕೆ ಚೆನ್ನಾಗಿದೆ, ಎಲ್ಲಿ ಎಡವಿದ್ದೇನೆ ಎಂದು ತಿಳಿಯುವ ಆಸೆ ಅವಳಿಗೆ. ಅದಕ್ಕೆ ಅಂಚೆಚೀಟಿ ಸಾಲುವುದಿಲ್ಲ.

ಹಾಗಿರುವಾಗ ಸಂಶೋಧನಾ ಪದವಿಯ ಪ್ರವೇಶದ ಮಾಹಿತಿ ಪುಸ್ತಕ ಕೈಗೆ ಬಂತು. ಸ್ನಾತಕೋತ್ತರದಲ್ಲಿ ಮೊದಲ ದರ್ಜೆ ಇರಬೇಕು, ಮೂಲ ಭಾಷೆಯ ಲಿಖಿತ ಪರೀಕ್ಷೆ ಪಾಸಾಗಬೇಕು, ಸಂಶೋಧನೆಯ ಪ್ರಸ್ತಾವ ಬರೆಯಬೇಕು, ಕೊನೆಗೆ ಮೂವರು ಪರೀಕ್ಷಕರ ಮುಂದೆ ಮೌಖಿಕ. ಇವೆಲ್ಲ ಎಲ್ಲರೂ ಓದುವ ಭಾಗ. ಹಲ್ಲಕ್ಕನ ಕಣ್ಣು ನಿಂತದ್ದು ಯಾರೂ ಓದದ ಹಿಂದಿನ ಪುಟದ ಒಂದು ನಿಯಮದ ಮೇಲೆ: ಪ್ರವೇಶ ಪಡೆದ ಸಂಶೋಧನಾರ್ಥಿಯೊಂದಿಗೆ ಮಾರ್ಗದರ್ಶಕರು ವಾರಕ್ಕೊಮ್ಮೆ ಕನಿಷ್ಠ ಒಂದು ಗಂಟೆ ಕೂತು ಚರ್ಚಿಸತಕ್ಕದ್ದು.

ಚರ್ಚಿಸಬಹುದು ಎಂದಿರಲಿಲ್ಲ. ಚರ್ಚಿಸತಕ್ಕದ್ದು! ಅಂದರೆ ಮನಸ್ಸಿರಲಿ ಬಿಡಲಿ, ಒಬ್ಬ ಮನುಷ್ಯ ವಾರಕ್ಕೊಂದು ಗಂಟೆ ಅವಳ ಎದುರು ಕೂತು ಅವಳ ಮಾತಿಗೆ ಮಾತು ಕೊಡಲೇಬೇಕು. ಉಳಿದವರು ಹೆಸರಿನ ಮುಂದೆ ಡಾಕ್ಟರ್ ಹಾಕಿಕೊಳ್ಳಲು ಅರ್ಜಿ ಹಾಕುತ್ತಾರೆ. ಹಲ್ಲಕ್ಕ ಅರ್ಜಿ ಹಾಕಿದ್ದು ಆ ಒಂದು ಗಂಟೆಗೆ. ಇದನ್ನು ಬಾಯಿ ಬಿಟ್ಟು ಹೇಳುವಂತಿಲ್ಲ, ಹೇಳಿದರೆ ಬಣ್ಣಗೇಡು. ಪ್ರಸ್ತಾವದ ವಿಷಯ ಮಾತ್ರ ಗಂಭೀರವಾಗಿಯೇ ಇತ್ತು: ಪವಿತ್ರ ಗ್ರಂಥದಲ್ಲಿ ಉತ್ತರ ಸಿಗದ ಪ್ರಾರ್ಥನೆಗಳು.

ಭಾನುವಾರದ ಫೋನಿನಲ್ಲಿ ಅತ್ತಿಗೆಗೆ ವಿಷಯ ತಿಳಿಸಿದಳು.

"ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಐವತ್ತು ದಾಟ್ತಿದ್ದ ಹಾಗೇ ಶುರುವಾಯ್ತಲ್ಲೇ" ಎಂದು ಅತ್ತಿಗೆ ನಕ್ಕಳು. "ಈ ವಯಸ್ಸಲ್ಲಿ ಅದನ್ನ ಓದಿ ಯಾರನ್ನ ಉದ್ಧಾರ ಮಾಡ್ಬೇಕು? ಸುಮ್ನೆ ಇಲ್ಲಿ ಬಂದು ನಾಲ್ಕು ದಿನ ಇದ್ದು ಹೋಗಬಾರ್ದಾ?"

"ಬರ್ತೀನಿ ಅತ್ತಿಗೆ. ಯಾವಾಗ ಬರ್ಲಿ?"

"ಬಾ, ಬಾ, ಯಾವಾಗಲಾದ್ರೂ ಬಾ. ಈಗ ಮಕ್ಕಳ ಪರೀಕ್ಷೆ, ಅದೊಂದು ಮುಗೀಲಿ. ಇರು, ಕುಕ್ಕರ್ ಕೂಗ್ತಿದೆ."

ಯಾವಾಗಲಾದರೂ ಎನ್ನುವ ದಿನ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ. ಅತ್ತಿಗೆ ಕೆಟ್ಟವಳೇನಲ್ಲ, ಪಾಪ. ಅವಳ ಮನೆ ತುಂಬಿತ್ತು, ಅಷ್ಟೇ.

ಅರ್ಜಿಯಲ್ಲಿ ನಿಮ್ಮ ಅರ್ಹತೆ ಬಣ್ಣಿಸಿ ಎಂದು ಒಂದು ಜಾಗವಿತ್ತು. ಅಲ್ಲಿ ಹಲ್ಲಕ್ಕ ಬಿಗುಮಾನದಿಂದ ಬರೆದಳು: "ಇಷ್ಟನ್ನೂ ಯಾರ ನೆರವೂ ಇಲ್ಲದೆ, ಯಾರ ಹಂಗಿಗೂ ಬೀಳದೆ, ಒಬ್ಬಳೇ ಕಲಿತಿದ್ದೇನೆ." ಬರೆದು ಎರಡು ಸಲ ಓದಿಕೊಂಡು ಖುಷಿಪಟ್ಟಳು. ಹಾಳಾದ ಸಾಲು! ಒಬ್ಬಂಟಿಗಳಿಗೆಲ್ಲ ಇರುವ ರೋಗ ಇದು, ಬೇಕಾದ್ದನ್ನು ಬೇಡವೆಂದು ಹೇಳಿಕೊಂಡು ತಿರುಗುವುದು.

ಲಿಖಿತ ಪರೀಕ್ಷೆಯಲ್ಲಿ ಅವಳದೇ ಎಲ್ಲರಿಗಿಂತ ಹೆಚ್ಚು ಅಂಕ. ಉಳಿದದ್ದು ಮೌಖಿಕ. ವಿಶ್ವವಿದ್ಯಾಲಯದ ದೈವಶಾಸ್ತ್ರ ವಿಭಾಗದಲ್ಲಿ ಮೌಖಿಕವೆಂದರೆ ಪ್ರಶ್ನೋತ್ತರವಲ್ಲ, ಜೋಡಿ ಓದು. ಅಲ್ಲಿನ ಹಳೆಯ ಪದ್ಧತಿ ಅದು. ಪವಿತ್ರ ಗ್ರಂಥವನ್ನು ಒಬ್ಬರೇ ಓದಿದರೆ ಓದಿದ ಲೆಕ್ಕವಲ್ಲ. ಇಬ್ಬರು ಕೂರಬೇಕು. ಒಬ್ಬರು ಒಂದು ಸಾಲು ಓದಬೇಕು, ಇನ್ನೊಬ್ಬರು ಅದಕ್ಕೆ ಎದುರಾಡಬೇಕು, ಓದಿದವರು ಉತ್ತರ ಕೊಡಬೇಕು, ಅದಕ್ಕೆ ಮತ್ತೆ ಎದುರು ಮಾತು. ಹೀಗೆ ಜಗ್ಗಾಡಿ ಜಗ್ಗಾಡಿ ಅರ್ಥ ತೆಗೆಯಬೇಕು.

ಅಭ್ಯಾಸ ಮಾಡಲು ಜೋಡಿ ಎಲ್ಲಿಂದ ತರುವುದು? ಹಲ್ಲಕ್ಕ ಮೇಜಿನ ಆಚೆಗೊಂದು ಈಚೆಗೊಂದು ಕುರ್ಚಿ ಹಾಕಿದಳು. ಒಂದು ಓದುವ ಕುರ್ಚಿ, ಇನ್ನೊಂದು ಎದುರಾಡುವ ಕುರ್ಚಿ. ಸಂಜೆ ಲ್ಯಾಬಿನಿಂದ ಬಂದು, ಕೈಯ ಪ್ಲಾಸ್ಟರ್ ತೊಳೆದುಕೊಂಡು, ಇಲ್ಲಿ ಕೂತು ಓದುವಳು. ಎದ್ದು ಹೋಗಿ ಅಲ್ಲಿ ಕೂತು "ಅದು ಹೇಗಾಗುತ್ತೆ?" ಎನ್ನುವಳು. ಮತ್ತೆ ಇಲ್ಲಿ ಬಂದು ಉತ್ತರ ಕೊಡುವಳು. ಮೊದಮೊದಲು ಅವಳಿಗೇ ನಗು ಬರುತ್ತಿತ್ತು. ಬರಬರುತ್ತ ನಗು ನಿಂತಿತು, ಓಡಾಟ ಸಲೀಸಾಯಿತು. ಎದುರಾಡುವ ಕುರ್ಚಿಯಲ್ಲಿ ಕೂತಾಗ ಅವಳ ದನಿ ಅಮ್ಮನಂತೆ ಗಡುಸಾಗುತ್ತಿತ್ತು. ಆದರೂ ಆ ಕುರ್ಚಿ ಏನು ಕೇಳುತ್ತದೆಂದು ಈ ಕುರ್ಚಿಗೆ ಮೊದಲೇ ಗೊತ್ತು. ಕೆಳಗಿನ ಮನೆಯವರು ಒಂದು ದಿನ ಬಂದು "ನಿಮ್ಮನೇಲಿ ನೆಂಟರು ಇದ್ದಾರಾ? ಮೇಲೆ ಭಾಳ ಓಡಾಟ ಕೇಳ್ಸುತ್ತೆ" ಎಂದರು. ಹಲ್ಲಕ್ಕ "ಹೂಂ, ಇದ್ದಾರೆ" ಎಂದುಬಿಟ್ಟಳು. ಬಾಗಿಲು ಹಾಕಿಕೊಂಡ ಮೇಲೆ ಅವಳಿಗೆ ತಡೆಯಲಾಗದಷ್ಟು ಅಳು ಬಂತು.

ಮೌಖಿಕದ ದಿನ ವಿಭಾಗದ ಮೊಗಸಾಲೆಯಲ್ಲಿ ಬೆಂಚಿನ ಮೇಲೆ ಇನ್ನೂ ಕೆಲವರು ಅಭ್ಯರ್ಥಿಗಳು ಕೂತಿದ್ದರು. ಎಲ್ಲ ಎಳೆಯ ವಯಸ್ಸಿನವರು, ಒಬ್ಬರಿಗೊಬ್ಬರು ಪರಿಚಯದವರು, ಒಂದೇ ಪುಸ್ತಕಕ್ಕೆ ತಲೆ ಕೊಟ್ಟು ಗಲಗಲ ಎನ್ನುತ್ತಿದ್ದರು. ಹಲ್ಲಕ್ಕ ತುದಿಯಲ್ಲಿ ಚೀಲ ತಬ್ಬಿಕೊಂಡು ಕೂತಳು. ಅವರ ಹಲ್ಲು ನೋಡಿದಳು. ಎಲ್ಲರದೂ ಸ್ವಂತದ್ದು.

ಒಳಗೆ ಮೂವರಿದ್ದರು. ನಡುವೆ ವಿಭಾಗದ ಮುಖ್ಯಸ್ಥೆ, ಬೆಲ್ಲದಂಥ ಮಾತಿನ ಹೆಂಗಸು. ಎಡಕ್ಕೆ ಪರವೂರಿನಿಂದ ಬಂದ ಪರೀಕ್ಷಕರು, ಗಡಿಯಾರದ ಮೇಲೇ ಕಣ್ಣು, ಸಂಜೆಯ ರೈಲು ಹಿಡಿಯಬೇಕು. ಬಲಕ್ಕೆ ಮೂಲ ಭಾಷೆಯ ಮೇಷ್ಟ್ರು. ಅವರ ಮುಖ ನೋಡಿದರೆ ಹುಣಸೆಹಣ್ಣೂ ಸಿಹಿಯೆನಿಸಬೇಕು, ಹಾಗಿತ್ತು. ಹಲ್ಲಕ್ಕನಿಗೆ ಕೂರಲು ಹೇಳಿದರು. ಅವಳ ಪಕ್ಕ ಒಂದು ಖಾಲಿ ಕುರ್ಚಿಯಿತ್ತು.

ಪ್ರಸ್ತಾವದ ಮೇಲೆ ಒಂದೆರಡು ಮಾತಾಯಿತು. ಆಮೇಲೆ ಮೇಷ್ಟ್ರು ಪುಸ್ತಕ ಬಿಡಿಸಿ ಅವಳತ್ತ ಸರಿಸಿ, ಬೆರಳಿಟ್ಟು ಮೂಲದಲ್ಲಿ ಒಂದು ಸಾಲು ಓದಿದರು. ಅರ್ಥ ಇಷ್ಟು: ನಾನು ಕರೆದೆನು, ಒಳಗೆ ದೀಪ ಉರಿಯುತ್ತಿತ್ತು, ಬಾಗಿಲು ತೆರೆಯಲಿಲ್ಲ.

"ಹೊರಗೆ ನಿಂತವನಿಗೆ ಒಳಗೆ ದೀಪ ಇರೋದು ಹೇಗೆ ಗೊತ್ತಾಯ್ತು?" ಎಂದಳು ಹಲ್ಲಕ್ಕ.

ಮೇಷ್ಟ್ರ ಹುಬ್ಬು ಮೇಲೇರಿತು. ಪ್ರಶ್ನೆ ಹಿಡಿಸಿರಬೇಕು. ಉತ್ತರ ಕೊಡಲು ಅವರು ಬಾಯಿ ತೆರೆದರು. ಅಷ್ಟರಲ್ಲಿ ಹಲ್ಲಕ್ಕ ಎದ್ದಳು. ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು.

"ಬಾಗಿಲ ಕೆಳಗಿನ ಸಂದಿಯಿಂದ ಬೆಳಕು ಬರ್ತಿತ್ತು" ಎಂದಳು. ಎದ್ದು ಮತ್ತೆ ತನ್ನ ಜಾಗಕ್ಕೆ ಬಂದಳು. "ಸಂದಿ ಕಾಣೋಷ್ಟು ಹತ್ತಿರ ಹೋದವನು ಬಾಗಿಲು ಯಾಕೆ ತಟ್ಟಲಿಲ್ಲ? ಕರೆದೆ ಅಂದಿದ್ದಾನೆ, ತಟ್ಟಿದೆ ಅಂದಿಲ್ಲ." ಮತ್ತೆ ಎದ್ದಳು, ಆ ಕುರ್ಚಿಗೆ ಹೋದಳು. "ತಟ್ಟಿದ್ರೆ ಎದ್ದು ಬರಬೇಕಾಗುತ್ತೆ, ಒಳಗಿರೋರಿಗೆ ತೊಂದರೆ ಅಂತ..."

ಅಲ್ಲಿಗೆ ಅವಳ ದನಿ ನಿಂತಿತು. ಪರವೂರಿನವರು ರೈಲನ್ನೇ ಮರೆತು ನೋಡುತ್ತಿದ್ದರು. ಮೇಷ್ಟ್ರು ಸಾಲಿನ ಮೇಲೆ ಬೆರಳಿಟ್ಟುಕೊಂಡು ತೆರೆದ ಬಾಯಿ ತೆರೆದಂತೆಯೇ ಇದ್ದರು. ತಾನು ಯಾವ ಕುರ್ಚಿಯಲ್ಲಿದ್ದೇನೆಂದು ಹಲ್ಲಕ್ಕನಿಗೆ ಆಗ ತಿಳಿಯಿತು. ನೆಲ ಬಾಯಿ ಬಿಡಬಾರದೇ ಎನಿಸಿತು.

"ಏನಮ್ಮಾ ಇದು?" ಎಂದರು ಮೇಷ್ಟ್ರು.

"ಮನೇಲಿ... ಅಭ್ಯಾಸ ಮಾಡೋಕೆ ಯಾರೂ ಇರಲಿಲ್ಲ ಸರ್. ಹೀಗೇ ಮಾಡ್ತಿದ್ದೆ."

"ಪ್ರಾರ್ಥನೆಗೆ ಯಾಕೆ ಉತ್ತರ ಬರಲ್ಲ ಅಂತ ಪ್ರಬಂಧ ಬರೆಯೋಕೆ ಹೊರಟಿದ್ದೀರಿ. ನೀವೇ ಕೇಳಿ ನೀವೇ ಉತ್ತರ ಕೊಟ್ಕೊಂಡ್ರೆ, ದೇವರಾದ್ರೂ ಎಲ್ಲಿ ಬಾಯಿ ಹಾಕ್ಬೇಕು?"

"ಅಯ್ಯೋ, ಸ್ವಲ್ಪ ಮೆತ್ತಗೆ ಮಾತಾಡಿ ಮೇಷ್ಟ್ರೇ" ಎಂದು ಮುಖ್ಯಸ್ಥೆ ಕಂಗಾಲಾದರು. ಹಲ್ಲಕ್ಕನಿಗೆ ಆ ಮಾತು ಎದೆಗೇ ನಾಟಿತು. ನಾಟಿದ್ದು ನೋವೋ ಇನ್ನೇನೋ ಅವಳಿಗೆ ಆಗ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಹೊರಗೆ ಕೂತಿರಲು ಹೇಳಿದರು.

ಒಳಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ವಾದ ನಡೆಯುತ್ತಿದ್ದುದು ಮೊಗಸಾಲೆಗೂ ಕೇಳುತ್ತಿತ್ತು. ಮತ್ತೆ ಕರೆದಾಗ ಮುಖ್ಯಸ್ಥೆಯ ಮುಖ ಅರಳಿತ್ತು.

"ಪಾಸಾಗಿದ್ದೀರಿ" ಎಂದರು. "ಮೇಷ್ಟ್ರು ಫೇಲ್ ಅಂದ್ರು, ನಾವಿಬ್ಬರೂ ಒಪ್ಪಲಿಲ್ಲ. ಎರಡೂ ಪಾತ್ರ ಒಬ್ಬರೇ ನಿಭಾಯಿಸೋರನ್ನ ಫೇಲ್ ಮಾಡೋದಾ? ಫೇಲಾಗಿದ್ರೆ ಪಾಪ, ಇಲ್ಲಿಯ ನಿಯಮದಂತೆ ಒಂದು ವರ್ಷ ಪ್ರತಿ ಬುಧವಾರ ಬಂದು ಈ ಮೇಷ್ಟ್ರೆದುರು ಜೋಡಿ ಓದು ಕಲೀಬೇಕಿತ್ತು. ಆ ಶಿಕ್ಷೆಯಿಂದ ನಿಮ್ಮನ್ನ ಪಾರು ಮಾಡಿದ್ದೀವಿ."

"ಥ್ಯಾಂಕ್ಸ್ ಮೇಡಂ" ಎಂದಳು ಹಲ್ಲಕ್ಕ.

"ಇನ್ನೊಂದು ಸಂತೋಷದ ವಿಷಯ. ಯಾರ ನೆರವೂ ಇಲ್ಲದೆ ಕಲಿತಿದ್ದೀನಿ ಅಂತ ನೀವೇ ಬರೆದಿದ್ದೀರಲ್ಲ, ಓದಿ ನಮಗೆ ತುಂಬ ಹೆಮ್ಮೆ ಆಯ್ತು. ನಿಮ್ಮನ್ನ ಸ್ವತಂತ್ರ ಸಂಶೋಧಕಿ ಅಂತ ತಗೋತಿದ್ದೀವಿ. ಇದು ಎಲ್ಲರಿಗೂ ಸಿಗೋದಲ್ಲ. ವಾರದ ಚರ್ಚೆಯಿಂದ ನಿಮಗೆ ವಿನಾಯಿತಿ. ಇಲ್ಲಿಗೆ ಬರೋ ತಾಪತ್ರಯವೇ ಇಲ್ಲ. ಮನೇಲೇ ಕೂತು ಬರೀರಿ, ಅಧ್ಯಾಯ ಮುಗಿದಾಗ ಅಂಚೆಯಲ್ಲಿ ಹಾಕಿ."

ಹಲ್ಲಕ್ಕ ಮತ್ತೆ ಥ್ಯಾಂಕ್ಸ್ ಎಂದಳು. ಕೈ ಮುಗಿದು ಹೊರಗೆ ಬಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗೋಳಾಡುವವರಿಗೆ ಸುತ್ತ ಸಮಾಧಾನ ಹೇಳುವವರಾದರೂ ಇರುತ್ತಾರೆ. ಇವಳ ತುತ್ತನ್ನು ಹಾರ ಹಾಕಿ, ಶಾಲು ಹೊದಿಸಿ, ಕಿತ್ತುಕೊಂಡಿದ್ದರು.

"ಏನಾಯ್ತು ಆಂಟಿ?" ಎಂದಳು ಬೆಂಚಿನ ಮೇಲಿನ ಹುಡುಗಿಯೊಬ್ಬಳು.

"ಪಾಸು."

"ಹೌದಾ! ಅದೃಷ್ಟ ಮಾಡಿದ್ರಿ" ಎಂದು ಹುಡುಗಿ ಮತ್ತೆ ಪುಸ್ತಕಕ್ಕೆ ತಲೆಯಿಟ್ಟಳು.

ಹಲ್ಲಕ್ಕ ಮೆಟ್ಟಿಲಿಳಿಯತೊಡಗಿದಳು. ಅತ್ತಿಗೆಗೆ ಹೇಳಬೇಕು, ಅವಳು "ಒಳ್ಳೇದಾಯ್ತು ಬಿಡು, ಮನೇಲೇ ಇರಬಹುದಲ್ಲ" ಎನ್ನುತ್ತಾಳೆ ಎಂದುಕೊಂಡಳು. ಮನೇಲೇ. ಆ ಪದಕ್ಕೆ ಕಾಲು ನಿಂತಿತು. ನಡುವಿನ ತಿರುವಿನಲ್ಲಿ ಗೋಡೆಗೊರಗಿ ಕೂತುಬಿಟ್ಟಳು. ಇನ್ನು ಸಾಯುವವರೆಗೆ ಅಂಚೆ. ಇನ್ನು ಸಾಯುವವರೆಗೆ ಮೂಲೆಯಲ್ಲೊಂದು "ಚೆನ್ನಾಗಿದೆ". ಎದೆಯೊಳಗೆ ಭಯ ಎದ್ದಿತು, ಕತ್ತಲೆಗೆ ಹೆದರುವ ಮಗುವಿನ ಭಯ. ಒಳ್ಳೆಯವರಿಬ್ಬರು ಅವಳನ್ನು ಮನೆಗೆ ಅಟ್ಟಿದ್ದರು. ಆ ಹುಳಿಮೋರೆಯ ಮುದುಕ ಒಬ್ಬನೇ ಅವಳ ಮಾತಿಗೆ ಉತ್ತರ ಕೊಡಲು ಬಾಯಿ ತೆರೆದದ್ದು. ಅದನ್ನೂ ಅವಳೇ ಮುಚ್ಚಿಸಿದ್ದಳು. ಎಷ್ಟು ವರ್ಷದಿಂದ ಯಾರೂ ಅವಳಿಗೆ ಹಾಗೆ ಗದರಿರಲಿಲ್ಲ! ಅಮ್ಮ ಬದುಕಿದ್ದರೆ "ಅಳೋ ಮಗೂಗೇ ಕಣೇ ಹಾಲು, ಬಿಗಿದುಕೊಂಡು ಕೂತ್ಕೊ ನೀನು" ಎನ್ನುತ್ತಿದ್ದಳು.

ಅವಳು ಎದ್ದಳು. ಮೆಟ್ಟಿಲು ಹತ್ತಿದಳು. "ಅಮ್ಮ, ನಿಮ್ಮದು ಮುಗೀತಲ್ಲ, ಒಳಗೆ ಹೋಗೋ ಹಾಗಿಲ್ಲ" ಎಂದು ಬಾಗಿಲ ಜವಾನ ಅಡ್ಡ ಬಂದ. ಅವನ ತೋಳಿನಡಿಯಿಂದ ನುಸುಳಿ ಒಳಗೆ ಹೋದಳು.

"ನನ್ನನ್ನ ಫೇಲ್ ಮಾಡಿ" ಎಂದಳು.

ಮೂವರೂ ತಲೆಯೆತ್ತಿದರು.

"ಫೇಲ್ ಮಾಡಿ ಮೇಡಂ. ಮೇಷ್ಟ್ರು ಹೇಳಿದ್ದೇ ಸರಿ, ನಂಗೆ ಜೋಡಿ ಓದು ಬರಲ್ಲ."

"ಅಲ್ಲಮ್ಮ, ಯೋಚನೆ ಮಾಡಿದ್ದೀರಾ?" ಮುಖ್ಯಸ್ಥೆಗೆ ನಿಜಕ್ಕೂ ಗಾಬರಿಯಾಗಿತ್ತು. "ಫೇಲ್ ಅಂದ್ರೆ ಪ್ರವೇಶ ಇಲ್ಲ. ಒಂದು ವರ್ಷ ಆದ್ಮೇಲೆ ಮತ್ತೆ ಪರೀಕ್ಷೆ. ಆಗ ಸೀಟು ಇರುತ್ತೋ ಇಲ್ವೋ, ನಾನು ಮಾತು ಕೊಡೋಕಾಗಲ್ಲ. ಸಿಕ್ಕಿದ್ದನ್ನ ಕೈಯಾರೆ ಕಳ್ಕೋತೀರಾ?"

"ಕಳ್ಕೋತೀನಿ." ಅರ್ಜಿಯಲ್ಲಿ ಬರೆಯಲಾಗದ್ದನ್ನು ಈಗ ಹೇಳಬೇಕಿತ್ತು. ಹೇಳಲು ಎಷ್ಟು ನಾಚಿಕೆಯಾಯಿತೆಂದರೆ ನೆಲ ನೋಡಿಕೊಂಡು ಹೇಳಿದಳು. "ನಂಗೆ ಮಾತಾಡೋಕೆ ಯಾರೂ ಇಲ್ಲ ಮೇಡಂ. ಆ ವಾರದ ಒಂದು ಗಂಟೆ ಸಿಗುತ್ತೆ ಅಂತಲೇ ಅರ್ಜಿ ಹಾಕಿದ್ದು. ಅದೇ ಇಲ್ಲ ಅಂದ್ರೆ ಡಿಗ್ರಿ ತಗೊಂಡು ನಾನೇನು ಮಾಡ್ಲಿ? ಫೇಲಾದ್ರೆ ಮೇಷ್ಟ್ರ ಬುಧವಾರವಾದ್ರೂ ಸಿಗುತ್ತೆ."

ಮುಖ್ಯಸ್ಥೆ ಕನ್ನಡಕ ತೆಗೆದು ಒರೆಸಿದರು.

"ಏನಾದ್ರೂ ಒಂದು ಬೇಗ ಮಾಡಿ" ಎಂದು ಪರವೂರಿನವರು ಫಲಿತಾಂಶದ ಹಾಳೆಯಲ್ಲಿದ್ದ ತಮ್ಮ ಸಹಿಯ ಮೇಲೆ ತಾವೇ ಗೀಟು ಎಳೆದರು. "ಬದುಕಿನಲ್ಲಿ ಇದೇ ಮೊದಲ ಸಲ, ಫೇಲ್ ಮಾಡಿ ಅಂತ ಕೇಳಿದವರನ್ನ ಫೇಲ್ ಮಾಡ್ತಿದ್ದೀನಪ್ಪ."

ಮೇಷ್ಟ್ರು ಮಾತ್ರ ಇದೆಲ್ಲ ತಮಗೆ ಸಂಬಂಧವೇ ಇಲ್ಲವೆಂಬಂತೆ ಪುಸ್ತಕದ ಅದೇ ಪುಟ ನೋಡುತ್ತ ಕೂತಿದ್ದರು.

"ಬುಧವಾರ ಮಧ್ಯಾಹ್ನ ಬನ್ನಿ" ಎಂದರು, ತಲೆಯೆತ್ತದೆ. "ತಡ ಮಾಡಿದ್ರೆ ಬಾಗಿಲು ಹಾಕ್ಕೋತೀನಿ. ನಾನು ಒರಟ, ಆಮೇಲೆ ಅತ್ತರೆ ನಂಗೆ ಗೊತ್ತಿಲ್ಲ. ಅಂದ ಹಾಗೆ, ಹೊರಗೆ ನಿಂತವನು ಬಾಗಿಲು ತಟ್ಟಲೇ ಇಲ್ಲ ಅಂದ್ರಲ್ಲ, ನಾನು ಒಪ್ಪಲ್ಲ."

ಹಲ್ಲಕ್ಕ ಸರಕ್ಕನೆ ತಲೆಯೆತ್ತಿದಳು. "ಯಾಕೆ ಒಪ್ಪಲ್ಲ?"

"ಅದನ್ನ ಬುಧವಾರ ಹೇಳ್ತೀನಿ. ಅಷ್ಟರೊಳಗೆ ಮನೇಲಿ ಕೂತು ನೀವೇ ಉತ್ತರ ಹೇಳ್ಕೊಂಡು ಬಂದೀರಿ, ಜೋಕೆ!"

"ಇಲ್ಲ ಸರ್" ಎಂದಳು ಹಲ್ಲಕ್ಕ, ಕಣ್ಣೊರೆಸಿಕೊಳ್ಳುತ್ತ. "ಕಾಯ್ತೀನಿ."